ಪಾವಿಗೆ ಎಷ್ಟು ಗ್ರಾಂ, ಅಕ್ಕಾ?

ಹೋದ ಸಂಚಿಕೆಯಲ್ಲಿ ಕೋಡುಬಳೆ ಬಗ್ಗೆ ಬರೆಯುವಾಗ "ಎರಡು ಪಾವು ಅಕ್ಕಿಹಿಟ್ಟು" ಅಂತ ಸುಮ್ನೆ ಬರೆದುಬಿಟ್ಟಿದ್ದೆ. ಬಂದ ಪತ್ರಗಳಲ್ಲಿ ಕೋಡುಬಳೆ ವಿಷಯ ಕೇಳಿದವರು ಇಬ್ಬರೇ. ಮಿಕ್ಕವರೆಲ್ಲ ಪಾವನ್ನೇ ಹಿಡಿದುಕೊಂಡು ಕೂತಿದ್ದಾರೆ. ಹಾಗಾಗಿ ಈ ಸಲ ಅಂಕಣದ ತುಂಬಾ ಅಳತೆ, ತೂಕ.

ಅಕ್ಕಾ, ಪಿಜಿ ಬಿಟ್ಟು ಈಗ ಸ್ನೇಹಿತರ ಜೊತೆ ಮನೆ ಮಾಡಿದ್ದೇನೆ. ಅಜ್ಜಿಯ ಅಡುಗೆ ನೋಟ್‌ಬುಕ್ ಸಿಕ್ಕಿದೆ. ಅದರಲ್ಲಿ ಎಲ್ಲಾ ಪಾವು, ಅರಪಾವು, ಚಟಾಕು. ಒಂದು ಪಾವು ಅಂದ್ರೆ ಎಷ್ಟು ಗ್ರಾಂ? ಒಬ್ಬರು 200 ಅಂತಾರೆ, ಇನ್ನೊಬ್ಬರು 250 ಅಂತಾರೆ.
– ಓದುಗರು, ಬೆಂಗಳೂರು

ಯಾವುದರ ಪಾವು ಅಂತ ಹೇಳಿ, ಆಮೇಲೆ ಗ್ರಾಂ ಹೇಳ್ತೀನಿ. ಪಾವು ಅನ್ನೋದು ತೂಕ ಅಲ್ಲ, ಪಾತ್ರೆ. ಅದರೊಳಗೆ ಎಷ್ಟು ಜಾಗ ಇದೆ ಅನ್ನೋದಷ್ಟೇ ಅದಕ್ಕೆ ಗೊತ್ತು. ಆ ಜಾಗಕ್ಕೆ ಅಕ್ಕಿ ಹಾಕಿದರೆ ಒಂದು ತೂಕ, ಮಂಡಕ್ಕಿ ಹಾಕಿದರೆ ಇನ್ನೊಂದು ತೂಕ.

ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು, ಒಂದು ಪಾವಿನಲ್ಲಿ ನಾಲ್ಕು ಚಟಾಕು. ಈ ಲೆಕ್ಕ ಗಟ್ಟಿ. ಆದರೆ ಪಾವಿನ ಗಾತ್ರ ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಸ್ವಲ್ಪ ಬೇರೆ. ಕರಾವಳಿಯವರ ಕುಡ್ತೆ, ಮಲೆನಾಡಿನ ಸಿದ್ದೆ, ಇವುಗಳ ಕಥೆಯೂ ಅಷ್ಟೇ.

ನಾನು ನಮ್ಮ ಮನೆಯ ಹಿತ್ತಾಳೆ ಪಾವನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡುವ ಗುಂಡಿ ಒತ್ತಿ, ಅಂಚಿನವರೆಗೆ ನೀರು ತುಂಬಿಸಿದೆ. 262 ಗ್ರಾಂ ಬಂತು. ನೀರಿನಲ್ಲಿ ಒಂದು ಗ್ರಾಂ ಅಂದ್ರೆ ಒಂದು ಮಿಲಿಲೀಟರ್, ಹಾಗಾಗಿ ನಮ್ಮ ಪಾವು 262 ಮಿಲಿಯದು. ಚೆನ್ನಾಗಿ ಒರೆಸಿ ಒಣಗಿಸಿ ಒಂದೊಂದೇ ಸಾಮಾನು ತುಂಬುತ್ತಾ ಹೋದೆ, ಎಲ್ಲವನ್ನೂ ಅಂಚಿಗೆ ಸಮವಾಗಿ ಗೀಚಿ. ಸೋನಾಮಸೂರಿ ಅಕ್ಕಿ 218 ಗ್ರಾಂ. ತೊಗರಿಬೇಳೆ, ಉದ್ದಿನಬೇಳೆ ಎರಡೂ 215ರ ಆಸುಪಾಸು. ಸಕ್ಕರೆ 220. ಸಣ್ಣ ರವೆ 185. ರಾಗಿಹಿಟ್ಟು 145. ಗೋಧಿಹಿಟ್ಟು 135. ಜರಡಿ ಹಿಡಿದ ಕಡಲೆಹಿಟ್ಟು 110. ತುರಿದ ಹಸಿ ಕಾಯಿ 90. ಮಂಡಕ್ಕಿ 25 ಕೂಡ ದಾಟಲಿಲ್ಲ! ಒಂದೇ ಪಾತ್ರೆ ನೋಡಿ, 25ರಿಂದ 220.

ನಿಮಗೆ 200 ಅಂದವರು, 250 ಅಂದವರು ಇಬ್ಬರೂ ಅವರವರ ಮನೆ ಪಾವಿನಲ್ಲಿ ಅಕ್ಕಿ ಅಳೆದು ಹೇಳಿರಬೇಕು.

ನೀವು ಮಾಡಬೇಕಾದ್ದು ಇಷ್ಟು. ಅಜ್ಜಿಯ ಪಾವು ಇನ್ನೂ ಊರಲ್ಲಿದ್ದರೆ ಮುಂದಿನ ಸಲ ಹೋದಾಗ ಅದನ್ನೇ ಎತ್ತಿಕೊಂಡು ಬನ್ನಿ, ಕೇಳಿಕೊಂಡೇ ತನ್ನಿ ಮತ್ತೆ. ಇಲ್ಲಾಂದ್ರೆ ಅದಕ್ಕೆ ಎಷ್ಟು ನೀರು ಹಿಡಿಯುತ್ತೆ ಅಂತ ಯಾರಿಂದಾದರೂ ಅಳೆಸಿ. ಆ ಸಂಖ್ಯೆ ಒಂದು ಸಿಕ್ಕರೆ ನೋಟ್‌ಬುಕ್ ಪೂರ್ತಿ ಬಿಡಿಸಿಕೊಳ್ಳಬಹುದು. ಪಾವು ಕಳೆದೇ ಹೋಗಿದ್ದರೂ ಗಾಬರಿ ಬೇಡ. ಅಕ್ಕಿಗೆ ಬೇಳೆ ಎಷ್ಟು, ರವೆಗೆ ಸಕ್ಕರೆ ಎಷ್ಟು ಅನ್ನೋ ಥರದ ಅಡುಗೆಯಲ್ಲಿ ಯಾವ ಲೋಟ ಹಿಡಿದರೂ ನಡೆಯುತ್ತೆ, ಕೊನೇವರೆಗೂ ಅದೇ ಲೋಟ ಹಿಡಿದರೆ ಸಾಕು. ತಾಪತ್ರಯ ಶುರುವಾಗೋದು ಒಂದನ್ನು ಲೋಟದಲ್ಲಿ, ಇನ್ನೊಂದನ್ನು ಗ್ರಾಂನಲ್ಲಿ ಹಾಕಿದಾಗ.

ನಮ್ಮತ್ತೆ ಪಾವು ತುಂಬಿಸಿದರೆ ಮೇಲೆ ಗೋಪುರ ನಿಲ್ಲುತ್ತೆ. ನಾನು ಬೆರಳಿಂದ ಗೀಚಿ ಸಮ ಮಾಡ್ತೀನಿ. ಅಷ್ಟಕ್ಕೆ ರುಚಿ ಬದಲಾಗುತ್ತಾ?
– ಓದುಗರು, ತುಮಕೂರು

ಅಕ್ಕಿಯಲ್ಲಿ ನೋಡಿದೆ. ಗೀಚಿದ ಪಾವು 218 ಗ್ರಾಂ, ಗೋಪುರ ಕಟ್ಟಿದ ಪಾವು 245. ಎಂಟು ಪಾವಿಗೆ ಒಂದು ಪಾವು ಹೆಚ್ಚು ಬಿದ್ದ ಹಾಗಾಯಿತು. ಅನ್ನಕ್ಕೆ ಇಟ್ಟು ನೀರನ್ನು ಮಾತ್ರ ಅಂಚಿಗೆ ಸರಿಯಾಗಿ ಅಳೆದರೆ ಅನ್ನ ಗಟ್ಟಿಯಾಗುತ್ತೆ, ಯಾಕಂದ್ರೆ ನೀರಿಗೆ ಗೋಪುರ ಕಟ್ಟೋಕಾಗಲ್ಲ ಅಲ್ವಾ? ನಿಮ್ಮತ್ತೆಯ ಕೈಯಲ್ಲಿ ಎಲ್ಲ ಸಾಮಾನೂ ಗೋಪುರದ್ದೇ ಆದ್ದರಿಂದ ಅವರ ಲೆಕ್ಕ ಅವರಿಗೆ ಸರಿ. ಅವರು ಹೇಳಿದ ಪ್ರಮಾಣ ಬರೆದುಕೊಳ್ಳುವಾಗ ಪಕ್ಕದಲ್ಲಿ "ತುಂಬಿ" ಅಂತ ಒಂದು ಮಾತು ಬರೆದುಕೊಳ್ಳಿ.

ರಾಶಿ ಅಳೆಯುವ ಕಡೆ ಮೊದಲ ಸೇರಿಗೆ "ಒಂದು" ಅನ್ನಲ್ಲ, "ಲಾಭ" ಅಂತಾರೆ. ಆಮೇಲೆ ಎರಡು, ಮೂರು. ಚಿಕ್ಕವಳಿದ್ದಾಗ ಲಾಭ ಅಂದ್ರೆ ಗೋಪುರದ ಕಾಳು ಅಂತಲೇ ತಿಳಿದಿದ್ದೆ.

ಅಕ್ಕಾ, ಮೈಸೂರು ಪಾಕ್‌ಗೆ "ಕಡಲೆಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಎರಡು" ಅಂತ ಓದಿ ಕಾಲು ಕಿಲೋ ಹಿಟ್ಟು, ಅರ್ಧ ಕಿಲೋ ಸಕ್ಕರೆ, ಅರ್ಧ ಕಿಲೋ ತುಪ್ಪ ತೂಗಿ ಹಾಕಿದೆ. ಗೂಡುಗೂಡಾಗಿ ಬರಲಿಲ್ಲ. ಬಾಯಿಗಿಟ್ಟರೆ ಕರಗೋ ಹಾಗೆ ಮೆತ್ತಗಾಯಿತು. ಎಲ್ಲಿ ತಪ್ಪಿದೆ?
– ಓದುಗರು, ಹಾಸನ

ತಪ್ಪಿದ್ದರೂ ಚೆನ್ನಾಗೇ ತಪ್ಪಿದ್ದೀರಿ. ತಿನ್ನೋಕೆ ನನ್ನನ್ನೂ ಕರೆಯಬಹುದಿತ್ತು.

ಆ ಒಂದು-ಎರಡು-ಎರಡು ಪಾತ್ರೆಯ ಲೆಕ್ಕ. ನೀವು ತಕ್ಕಡಿಗೆ ಹಾಕಿದಿರಿ. ನಮ್ಮ ಪಾವಿನಲ್ಲೇ ನೋಡೋಣ. ಒಂದು ಪಾವು ಕಡಲೆಹಿಟ್ಟು 110 ಗ್ರಾಂ, ಒಂದು ಪಾವು ಸಕ್ಕರೆ ಅದರ ಎರಡರಷ್ಟು, 220. ಅಂದ ಮೇಲೆ ಪಾವಿನಲ್ಲಿ ಒಂದಕ್ಕೆ ಎರಡು ಅಂದ್ರೆ ತೂಕದಲ್ಲಿ ಒಂದಕ್ಕೆ ನಾಲ್ಕು. ನಿಮ್ಮ ಕಾಲು ಕಿಲೋ ಹಿಟ್ಟಿಗೆ ಒಂದು ಕಿಲೋ ಸಕ್ಕರೆ ಬೀಳಬೇಕಿತ್ತು, ತುಪ್ಪವೂ ಒಂದು ಕಿಲೋ ಮೇಲೆಯೇ. ಕೇಳೋಕೆ ಎದೆ ಝಲ್ ಅನ್ನುತ್ತೆ, ಆದರೆ ಗೂಡುಗೂಡಾದ ಗಟ್ಟಿ ಮೈಸೂರು ಪಾಕ್‌ಗೆ ಹೋಗೋದೇ ಅಷ್ಟು. ಹಿಟ್ಟು ಹಗುರ, ಪಾವಿನಲ್ಲಿ ನೋಡಿದರೆ ಜಾಸ್ತಿ ಕಾಣುತ್ತೆ, ತಕ್ಕಡಿ ಮೇಲೆ ಏನೂ ಇರಲ್ಲ.

ಈಗ ನೀವು ಹಾಕಿದ್ದನ್ನು ತಿರುಗಿಸಿ ಪಾವಿಗೆ ತನ್ನಿ. 250 ಗ್ರಾಂ ಹಿಟ್ಟು ಎರಡೂ ಕಾಲು ಪಾವು. 500 ಗ್ರಾಂ ಸಕ್ಕರೆಯೂ ಎರಡೂ ಕಾಲು ಪಾವು. ತುಪ್ಪ ಎರಡು ಪಾವಿಗೆ ಸ್ವಲ್ಪ ಮೇಲೆ. ಹೆಚ್ಚೂಕಮ್ಮಿ ಒಂದು-ಒಂದು-ಒಂದು! ಅಂಗಡಿಗಳಲ್ಲಿ ಸಿಗುವ ಮೆತ್ತನೆ ಮೈಸೂರು ಪಾಕನ್ನು ಮನೆಯಲ್ಲಿ ಮಾಡುವವರು ಬಹಳಷ್ಟು ಜನ ಹಿಡಿಯುವ ಲೆಕ್ಕ ಇದೇ. ನಿಮಗೆ ಗೊತ್ತಿಲ್ಲದೆ ಅದನ್ನೇ ಮಾಡಿಬಿಟ್ಟಿದ್ದೀರಿ.

ಇನ್ನೊಂದು ಮಾತು. ನಾನು 110 ಅಂದದ್ದು ಜರಡಿ ಹಿಡಿದು ಹಗುರವಾಗಿ ತುಂಬಿದ ಹಿಟ್ಟಿಗೆ. ಡಬ್ಬಿಯಲ್ಲಿ ಕೂತ ಹಿಟ್ಟನ್ನು ಹಾಗೇ ಪಾವಿಗೆ ತುರುಕಿದರೆ 130ರವರೆಗೂ ಹೋಗುತ್ತೆ. ಹಬ್ಬದ ಸಿಹಿ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರದಿದ್ದರೆ ಪಾಕಕ್ಕೆ ಬೈಯುವ ಮೊದಲು ಇದನ್ನು ನೋಡಿ.

ಕುಕ್ಕರ್ ಜೊತೆ ಬಂದ ಪ್ಲಾಸ್ಟಿಕ್ ಕಪ್ಪೂ, ಬೇರೆ ತಂದ ಅಳತೆ ಕಪ್ಪೂ ಒಂದೇ ಅಲ್ವಾ?
– ಓದುಗರು, ಮಂಡ್ಯ

ಅಲ್ಲ. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರೋದು ಸಾಮಾನ್ಯವಾಗಿ 180 ಮಿಲಿಯ ಕಪ್, ಜಪಾನಿನ ಹಳೆಯ ಅಕ್ಕಿ ಅಳತೆ ಅದು. ಅಳತೆ ಕಪ್ 240 ಅಥವಾ 250. ಕುಕ್ಕರ್ ಪಾತ್ರೆಯೊಳಗೆ ಬರೆದ 2, 4, 6 ಗೆರೆಗಳು ಆ 180ರ ಕಪ್ಪಿಗೆ. ದೊಡ್ಡ ಕಪ್ಪಲ್ಲಿ ಅಕ್ಕಿ ಹಾಕಿ ಗೆರೆ ನೋಡಿ ನೀರು ಹಾಕಿದರೆ ಅನ್ನ ಬಿರುಸಾಗುತ್ತೆ. ಆ ಪುಟ್ಟ ಕಪ್ಪನ್ನು ಮಕ್ಕಳಿಗೆ ಆಟಕ್ಕೆ ಕೊಡಬೇಡಿ.

ಕೇಕ್ ಮಾಡಿದೆ ಅಕ್ಕಾ, ಎರಡು ಕಪ್ ಮೈದಾ ಅಂತಿತ್ತು, ಎರಡೇ ಕಪ್ ಹಾಕಿದೆ. ಇಟ್ಟಿಗೆ ಆಯಿತು. ಮಗಳು ಅದನ್ನು ಬಾಗಿಲಿಗೆ ಅಡ್ಡ ಇಡ್ತೀನಿ ಅಂತಾಳೆ.
– ಓದುಗರು, ಹುಬ್ಬಳ್ಳಿ

ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಆಮೇಲೆ ಇದು ಹೇಳಿ: ಕಪ್ಪಿಗೆ ಮೈದಾ ಹೇಗೆ ತುಂಬಿದಿರಿ?

ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ಮೊಗೆದಿದ್ದರೆ ಅಲ್ಲೇ ಇದೆ ನಿಮ್ಮ ಇಟ್ಟಿಗೆ. ನಾನು 240 ಮಿಲಿ ಕಪ್ಪಿನಲ್ಲಿ ಮೂರು ಥರ ತುಂಬಿ ತೂಗಿದೆ. ಹಿಟ್ಟನ್ನು ಮೊದಲು ಕೈಯಾಡಿಸಿ ಸಡಿಲ ಮಾಡಿ, ಚಮಚದಲ್ಲಿ ಹಗುರವಾಗಿ ಕಪ್ಪಿಗೆ ಉದುರಿಸಿ, ಚಾಕುವಿನ ಬೆನ್ನಿಂದ ಗೀಚಿದಾಗ 122 ಗ್ರಾಂ. ಕಪ್ಪನ್ನು ಡಬ್ಬಿಗೆ ಅದ್ದಿ ಮೊಗೆದಾಗ 148. ಮೊಗೆದು, ಕಟ್ಟೆಗೆ ಟಪ್ ಟಪ್ ಅಂತ ಕುಟ್ಟಿ, ಮೇಲೆ ಇನ್ನೊಂದಿಷ್ಟು ತುಂಬಿದಾಗ 165. ನನ್ನ ಅಡುಗೆಮನೆಯಲ್ಲಿ, ಒಂದೇ ಮೈದಾ, ಒಂದೇ ಕಪ್ಪು, ಹತ್ತು ನಿಮಿಷದ ಒಳಗೆ. ಎರಡು ಕಪ್ಪಿಗೆ 244 ಗ್ರಾಂ ಬದಲು 296 ಬಿದ್ದರೆ ಹತ್ತಿರ ಹತ್ತಿರ ಅರ್ಧ ಕಪ್ ಮೈದಾ ಜಾಸ್ತಿ ಆಯಿತು, ಮೊಟ್ಟೆ ಅಷ್ಟೇ, ಹಾಲು ಅಷ್ಟೇ, ಬೆಣ್ಣೆ ಅಷ್ಟೇ.

ಸಕ್ಕರೆಯಲ್ಲಿ ಈ ಗೋಳಿಲ್ಲ. ಹರಳು ಕುಟ್ಟಿದರೂ ಹೆಚ್ಚು ಕುಗ್ಗಲ್ಲ. ಅಕ್ಕಿ, ಬೇಳೆಯೂ ಹಾಗೇ. ಹಿಟ್ಟುಗಳದ್ದೇ ರಗಳೆ, ಅವುಗಳ ಮಧ್ಯೆ ಗಾಳಿ ಕೂತಿರುತ್ತೆ. ಮಿಲ್ಲಿನಿಂದ ಈಗ ತಾನೇ ತಂದ ಬಿಸಿ ರಾಗಿಹಿಟ್ಟು ಡಬ್ಬಿಯ ಬಾಯಿವರೆಗೆ ಇದ್ದದ್ದು ವಾರ ಕಳೆದರೆ ಎರಡು ಬೆರಳು ಇಳಿದಿರುತ್ತಲ್ಲ, ಯಾರೂ ಕದ್ದಿರಲ್ಲ.

ಕಪ್ಪು ಚಮಚಗಳನ್ನು ಅಂಚಿಗೆ ಸಮ ಗೀಚಿ ಅಳೆಯಬೇಕು ಅಂತ ಅಮೆರಿಕದವರಿಗೆ ರೂಢಿ ಮಾಡಿಸಿದ್ದು ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್, 1896ರ ತಮ್ಮ ಪುಸ್ತಕದಲ್ಲಿ. ಸಮ ಗೀಚುವುದರಿಂದ ಗೋಪುರದ ಸಮಸ್ಯೆ ಹೋಯಿತು, ಒಳಗಿನ ಗಾಳಿಯ ಸಮಸ್ಯೆ ಹೋಗಲಿಲ್ಲ. ಅದಕ್ಕೆ ಹೇಳ್ತೀನಿ, ಕೇಕ್, ಬಿಸ್ಕತ್ತು, ಬ್ರೆಡ್ ಮಾಡುವವರು ತಕ್ಕಡಿ ಒಂದು ತಂದಿಟ್ಟುಕೊಳ್ಳಿ. ಸಾಂಬಾರಿಗೆ ಬೇಡ, ಇದಕ್ಕೆ ಬೇಕು. ಬರೀ ಕಪ್ಪಿನಲ್ಲಿ ಬರೆದ ಕೇಕಿಗೆ, ಕಪ್ಪಿಗೆ 120 ಗ್ರಾಂ ಮೈದಾ ಅಂತ ಹಿಡಿದು ಶುರು ಮಾಡಿ.

ಮೆಲ್ಬರ್ನ್‌ನಲ್ಲಿದ್ದೇನೆ. ಇಲ್ಲಿ ಕೊಂಡ ಕಪ್, ಟೇಬಲ್ ಚಮಚದಲ್ಲಿ ನಮ್ಮೂರಿನ ರೆಸಿಪಿ ಅಳೆಯಬಹುದಾ?
– ಓದುಗರು, ಆಸ್ಟ್ರೇಲಿಯಾ

ಕಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿನದು 250 ಮಿಲಿ, ಅಮೆರಿಕದ್ದು ಸುಮಾರು 237. ಉಪ್ಪಿಟ್ಟಿಗೆ ಇದು ಲೆಕ್ಕಕ್ಕೇ ಇಲ್ಲ.

ಟೇಬಲ್ ಚಮಚ ಮಾತ್ರ ಜೋಪಾನ. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿ, ನಾಲ್ಕು ಟೀ ಚಮಚಕ್ಕೆ ಸಮ. ಇಲ್ಲಿ ನಾವು ಬಳಸೋದು 15 ಮಿಲಿ, ಮೂರು ಟೀ ಚಮಚ. ಸಾರಿನಪುಡಿ ಮೂರು ಟೇಬಲ್ ಚಮಚ ಅಂತ ಅಮ್ಮ ಹೇಳಿದ್ದನ್ನು ಅಲ್ಲಿನ ಚಮಚದಲ್ಲಿ ಹಾಕಿದರೆ ನಾಲ್ಕು ಬಿದ್ದ ಹಾಗೆ. ಟೀ ಚಮಚ ಎರಡೂ ಕಡೆ 5 ಮಿಲಿ. ಹಾಗಾಗಿ ಅಮ್ಮನ ಟೇಬಲ್ ಚಮಚವನ್ನೆಲ್ಲ ಟೀ ಚಮಚಕ್ಕೆ ತಂದುಕೊಳ್ಳಿ. ಅಮ್ಮ ಹೇಳೋ ಚಮಚ ಅಂದ್ರೆ ಸಾರಿನಪುಡಿ ಡಬ್ಬಿಯೊಳಗೆ ಬಿದ್ದಿರುವ ಹಳೆ ಸ್ಟೀಲ್ ಚಮಚ ಆಗಿದ್ದರೆ, ವಿಡಿಯೋ ಕಾಲ್‌ನಲ್ಲಿ ಅದನ್ನು ತೋರಿಸೋಕೆ ಹೇಳಿ.

ಮಾವಿನಕಾಯಿ ಉಪ್ಪಿನಕಾಯಿಗೆ ಅಮ್ಮ ಬರೆದುಕೊಟ್ಟ ಹಾಗೆ ಒಂದು ಪಾವು ಉಪ್ಪು ಹಾಕಿದೆ. ಅಮ್ಮನದು ಸರಿ ಇರುತ್ತೆ, ನನ್ನದು ಬಾಯಿಗಿಡೋಕಾಗಲ್ಲ, ಅಷ್ಟು ಉಪ್ಪು.
– ಓದುಗರು, ಶಿರಸಿ

ಅಮ್ಮ ಹಾಕೋದು ಕಲ್ಲುಪ್ಪು, ನೀವು ಹಾಕಿದ್ದು ಪ್ಯಾಕೆಟ್ಟಿನ ಪುಡಿ ಉಪ್ಪು. ಸರಿ ತಾನೇ?

ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಜಾಸ್ತಿ. ನಮ್ಮ ಪಾವಿಗೆ ಕಲ್ಲುಪ್ಪು 250 ಗ್ರಾಂ ಹಿಡಿಯಿತು, ಪುಡಿ ಉಪ್ಪು 315. ವ್ಯತ್ಯಾಸ 65 ಗ್ರಾಂ. ಸಮ ಗೀಚಿದ ಒಂದು ಟೀ ಚಮಚ ಪುಡಿ ಉಪ್ಪು 6 ಗ್ರಾಂ, ಅಂದ್ರೆ ಹತ್ತು ಚಮಚಕ್ಕಿಂತ ಜಾಸ್ತಿ ಉಪ್ಪು ಸುಮ್ನೆ ಬಿದ್ದಿದೆ. ತೂಗಿ ಹಾಕಿದರೆ ಯಾವ ಉಪ್ಪಾದರೂ ಉಪ್ಪೇ, 250 ಗ್ರಾಂ ಕಲ್ಲುಪ್ಪೂ 250 ಗ್ರಾಂ ಪುಡಿ ಉಪ್ಪೂ ಹೆಚ್ಚುಕಡಿಮೆ ಒಂದೇ ಖಾರ, ಅಲ್ಲ, ಒಂದೇ ಉಪ್ಪು.

ಇದರ ಉಲ್ಟಾ ಆದರೆ ಇನ್ನೂ ಕಷ್ಟ. ಪುಡಿ ಉಪ್ಪಿನ ಲೆಕ್ಕ ನೋಡಿ ಕಲ್ಲುಪ್ಪು ಅಳೆದು ಹಾಕಿದರೆ ಉಪ್ಪು ಸಾಲದೆ ಉಪ್ಪಿನಕಾಯಿ ಬೂಷ್ಟು ಹಿಡಿಯುತ್ತೆ. ನನ್ನ ಮೊದಲ ವರ್ಷದ ಮಿಡಿ ಹೋಗಿದ್ದೇ ಹೀಗೆ, ಒಂದು ಜಾಡಿ ಪೂರ್ತಿ. ಈಗ ಆಗಿರೋದಕ್ಕೆ ಇನ್ನೊಂದಿಷ್ಟು ಮಾವಿನ ಹೋಳು, ಒಂಚೂರೂ ಉಪ್ಪು ಹಾಕದೆ, ಒಣ ಬಟ್ಟೆಯಲ್ಲಿ ಒರೆಸಿ ಸೇರಿಸಿ. ನಾಲ್ಕು ದಿನಕ್ಕೆ ಹೊಸ ಹೋಳು ಉಪ್ಪು ಎಳೆದುಕೊಳ್ಳುತ್ತೆ.

ಇಡ್ಲಿಗೆ ಒಂದಕ್ಕೆ ಎರಡು ಅಂತ ಕಾಲು ಕಿಲೋ ಉದ್ದು, ಅರ್ಧ ಕಿಲೋ ಇಡ್ಲಿ ರವೆ ಹಾಕಿದೆ. ಒರಟಾಯಿತು.
– ಓದುಗರು, ಚಿತ್ರದುರ್ಗ

ಹಾಸನದವರ ಉತ್ತರವನ್ನೇ ಓದಿಕೊಳ್ಳಿ, ಅದೇ ರೋಗ, ಸ್ವಲ್ಪ ಕಡಿಮೆ ಜ್ವರ. ಪಾವು ಉದ್ದು 215 ಗ್ರಾಂ, ಎರಡು ಪಾವು ರವೆ 370. ಕಾಲು ಕಿಲೋ ಉದ್ದಿಗೆ ರವೆ 430 ಸಾಕಿತ್ತು, 70 ಗ್ರಾಂ ಜಾಸ್ತಿ ಆಗಿದೆ. ಅಕ್ಕಿಯನ್ನೇ ನೆನೆಸಿ ರುಬ್ಬುವವರಿಗೆ ಈ ತೊಂದರೆ ಬರಲ್ಲ. ಅಕ್ಕಿಯೂ ಉದ್ದೂ ಪಾವಿಗೆ ಒಂದೇ ತೂಕ ತೂಗುತ್ತವೆ, ಪಾವಾದರೂ ಸರಿ, ಕಿಲೋ ಆದರೂ ಸರಿ.

ಸೇರು ಅಂದ್ರೆ ಒಂದು ಕಿಲೋ ಅಂತ ಹಿಡಿದರೆ ಆಗುತ್ತಾ?
– ಓದುಗರು, ಬಳ್ಳಾರಿ

ಯಾವ ಸೇರು? ಅಳೆಯುವ ಸೇರು ಬೇರೆ, ತೂಗುವ ಸೇರು ಬೇರೆ, ಹೆಸರು ಮಾತ್ರ ಒಂದೇ. ತೂಕದ ಪಕ್ಕಾ ಸೇರು 80 ತೊಲ. ತೊಲಕ್ಕೆ 11.66 ಗ್ರಾಂ, ಲೆಕ್ಕ ಹಾಕಿದರೆ 933 ಗ್ರಾಂ. ಹಳೆ ಮೈಸೂರು ಕಡೆ 24 ತೊಲದ ಕಚ್ಚಾ ಸೇರು ಕೂಡ ಇತ್ತು, ಅದು 280 ಗ್ರಾಂ ಅಷ್ಟೇ. 1956ರ ಕಾನೂನು ಬಂದ ಮೇಲೆ ಕೆಲವು ವರ್ಷಗಳಲ್ಲಿ ಅಂಗಡಿಗಳಿಗೆ ಕಿಲೋ ಬಂತು, ಸೇರು ಅಡುಗೆಮನೆಯಲ್ಲಿ ಉಳಿಯಿತು. ಹಳೆ ಪುಸ್ತಕದಲ್ಲಿ "ಬೆಲ್ಲ ಒಂದು ಸೇರು" ಅಂತಿದ್ದರೆ ಅದು ತೂಕದ್ದಿರಬಹುದು, ಅದರಲ್ಲೂ ಪಕ್ಕಾನೋ ಕಚ್ಚಾನೋ ಅಂತ ಮಿಕ್ಕ ಸಾಮಾನಿನ ಪ್ರಮಾಣ ನೋಡಿ ಅಂದಾಜು ಮಾಡಬೇಕು. ನಾಲ್ಕು ಪಾವು ಅಕ್ಕಿಗೆ ಒಂದು ಸೇರು ಬೆಲ್ಲ ಅಂದಿದ್ದರೆ 933ನ್ನು ಧೈರ್ಯವಾಗಿ ಹಿಡಿಯಬಹುದು.

ತಕ್ಕಡಿ ತಂದೆ. ಅರ್ಧ ಚಮಚ ಸೋಡಾ ಹಾಕಿದರೆ ಮುಳ್ಳೇ ಅಲ್ಲಾಡಲ್ಲ, ಸೊನ್ನೆಯಲ್ಲೇ ನಿಂತಿರುತ್ತೆ. ಕೆಟ್ಟಿದೆಯಾ?
– ಓದುಗರು, ಉಡುಪಿ

ಕೆಟ್ಟಿಲ್ಲ. ಮನೆ ತಕ್ಕಡಿಗಳು ಒಂದೆರಡು ಗ್ರಾಂನಷ್ಟು ಸಣ್ಣ ತೂಕವನ್ನು ಸರಿಯಾಗಿ ಹಿಡಿಯಲ್ಲ, ಎರಡು ಗ್ರಾಂ ಸೋಡಾ ಅದಕ್ಕೆ ಗಾಳಿ ಬೀಸಿದ ಹಾಗೆ. ಸೋಡಾ, ಯೀಸ್ಟ್, ಏಲಕ್ಕಿ ಪುಡಿಯಂಥವಕ್ಕೆ ಚಮಚವೇ ವಾಸಿ. ತುಂಬಾ ಜನ ತಕ್ಕಡಿ ತಂದ ಹೊಸದರಲ್ಲಿ ಸಾಸಿವೆಯನ್ನೂ ತೂಗ್ತಾರೆ, ನಾನೂ ತೂಗಿದ್ದೆ.

ನಮ್ಮಮ್ಮ ಪಾವೂ ಹೇಳಲ್ಲ, ಕಪ್ಪೂ ಹೇಳಲ್ಲ. "ಒಂದು ಹಿಡಿ ಬೇಳೆ, ಒಂದು ಚಿಟಿಕೆ ಅರಿಶಿನ, ಹುಣಸೆಹಣ್ಣು ನೆಲ್ಲಿಕಾಯಿಯಷ್ಟು." ಇದನ್ನು ಗ್ರಾಂಗೆ ತರೋದು ಹೇಗೆ?
– ಓದುಗರು, ಧಾರವಾಡ

ಅಮ್ಮ ಅಡುಗೆ ಮಾಡುವಾಗ ಒಲೆ ಪಕ್ಕ ತಕ್ಕಡಿ ಇಡಿ, ಮೇಲೊಂದು ಬಟ್ಟಲು. ಅವರ ಹಿಡಿ ನೇರ ಪಾತ್ರೆಗೆ ಹೋಗದೆ ಬಟ್ಟಲಿಗೆ ಬೀಳಲಿ, ನೀವು ಬರೆದುಕೊಂಡು ಪಾತ್ರೆಗೆ ಸುರಿಯಿರಿ. ಒಂದೇ ದಿನ ನೋಡಿ ಬಿಡಬೇಡಿ, ಮೂರು ದಿನ ನೋಡಿ. "ಏನೇ ಇದು ಅಳೆದೂ ಸುರಿದೂ" ಅಂತ ಬೈಸಿಕೊಳ್ಳೋಕೆ ತಯಾರಾಗಿರಿ.

ನಮ್ಮಮ್ಮನ ಜೊತೆ ಹೀಗೇ ಮಾಡಿದ್ದೆ. ಮೂರು ದಿನ, ತೊಗರಿಬೇಳೆ, ಒಂದೊಂದು ಹಿಡಿ. 38, 37, 38 ಗ್ರಾಂ. ಅದೇ ಬೇಳೆ ನಾನು ಹಿಡಿದಾಗ 45, 51, 40.